ಅಂಗವಿಕಲ ಸಂಗಾತಿಯನ್ನು ಮನೆಯಲ್ಲೇ ನೋಡಿಕೊಂಡರೆ ಹಣ ಸಿಗುತ್ತಾ?
ಸಿಗುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಗಂಡ ಹೆಂಡತಿ ಅಂದಮೇಲೆ ನೋಡಿಕೊಳ್ಳಲೇಬೇಕು ಅಲ್ವಾ ಅನ್ನೋ ಲೆಕ್ಕದಲ್ಲಿ ಕೆಲವು ಯೋಜನೆಗಳು ಸಂಗಾತಿಯನ್ನೇ ಹೊರಗಿಡುತ್ತವೆ. ಅಮೆರಿಕದಲ್ಲಿ ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇಡ್‌ನಲ್ಲಿ ನಿಯಮ ರಾಜ್ಯಕ್ಕೊಂದು ಥರ. ಮಗಳಿಗೆ ಸಂಬಳ ಕೊಡುವ ಕಡೆ ಹೆಂಡತಿಗೆ ಕೊಡದಿರಬಹುದು. ವಿಚಿತ್ರ, ಆದರೂ ನಿಜ. ಇಂಗ್ಲೆಂಡಿನಲ್ಲಿ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರು ಕೇರರ್ಸ್ ಅಲೋವೆನ್ಸ್ (ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆ) ಕೇಳಬಹುದು, ಸಂಗಾತಿಯೂ ಸೇರಿ. ಆದರೆ ಆರೈಕೆ ಪಡೆಯುವವರಿಗೆ ಅಂಗವೈಕಲ್ಯದ ಭತ್ಯೆ ಬರುತ್ತಿರಬೇಕು, ನಿಮ್ಮ ಬೇರೆ ದುಡಿಮೆಗೂ ಮಿತಿ ಇದೆ. ಜರ್ಮನಿಯಲ್ಲಿ ಹಣ ಹೋಗುವುದು ಆರೈಕೆ ಪಡೆಯುವವರಿಗೆ. ನಿಮಗೆ ಕೊಡುವುದು ಅವರಿಗೆ ಬಿಟ್ಟದ್ದು.

ಅರ್ಜಿಗೆ ಮುಂಚೆ ಎರಡು ವಾರ ಒಂದು ನೋಟ್‌ಬುಕ್ ಇಡಿ. ಸುಮ್ನೆ 'ದಿನವಿಡೀ ನೋಡ್ಕೋತೀನಿ' ಅಂತ ಬರೆಯಬೇಡಿ. 'ರಾತ್ರಿ 2ಕ್ಕೆ ಮಗ್ಗುಲು ಬದಲಿಸಿದೆ, 15 ನಿಮಿಷ' ಅಂತ ಬರೆಯಿರಿ.