ಜಪಸರ ಕೈಯಲ್ಲೇ ಇರುತ್ತದೆ, ನಿದ್ದೆ ಬಂದುಬಿಡುತ್ತದೆ

ಪ್ರಶ್ನೆ: ನಾವು ಕಾಸರಗೋಡಿನ ಬೇಳ ಕಡೆಯವರು. ಗಂಡ ಗಲ್ಫ್‌ನಲ್ಲಿದ್ದಾರೆ. ಅತ್ತೆಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿದೆ, ಮಾತೂ ಸರಿಯಾಗಿ ಬರುವುದಿಲ್ಲ. ಊಟ, ಸ್ನಾನ, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲ ನನ್ನದೇ. ಮಗ ಹತ್ತನೇ ಕ್ಲಾಸು. ಮೊದಲು ದಿನಾ ಚರ್ಚಿನ ಪೂಜೆಗೆ ಹೋಗುತ್ತಿದ್ದೆ, ಈಗ ಭಾನುವಾರವೂ ತಪ್ಪುತ್ತದೆ. ರಾತ್ರಿ ತೇರ್ಸ್‌ಗೆ (ಜಪಸರದ ಪ್ರಾರ್ಥನೆಗೆ) ಕುಳಿತರೆ ಅರ್ಧಕ್ಕೇ ತೂಕಡಿಸುತ್ತೇನೆ. ಎಚ್ಚರವಾದ ಮೇಲೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ. ಮಂಗಳೂರಿನಲ್ಲಿರುವ ನಾದಿನಿ ಫೋನಿನಲ್ಲಿ "ಪ್ರಾರ್ಥನೆ ಮಾಡು, ದೇವರು ಶಕ್ತಿ ಕೊಡ್ತಾರೆ" ಅನ್ನುತ್ತಾಳೆ. ನನಗೆ ಪ್ರಾರ್ಥನೆಯೂ ಇನ್ನೊಂದು ಕೆಲಸ ಆಗಿಬಿಟ್ಟಿದೆ. ನನ್ನ ನಂಬಿಕೆಯೇ ಕಡಿಮೆ ಆಯಿತಾ?

ಪ್ರೀತಿಯ ತಂಗಿ,

ನಂಬಿಕೆ ಕಡಿಮೆ ಆದವರು ತೇರ್ಸ್ ಅರ್ಧಕ್ಕೆ ನಿಂತಿತು ಅಂತ ಅಳುವುದಿಲ್ಲ. ನಿಮಗೆ ಕಡಿಮೆ ಆಗಿರುವುದು ನಿದ್ದೆ.

ಭಾನುವಾರದ ವಿಷಯ ಮೊದಲು ಮುಗಿಸೋಣ. ಬಿಟ್ಟುಬರಲಾಗದ ರೋಗಿ ಮನೆಯಲ್ಲಿದ್ದು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಪೂಜೆ ತಪ್ಪುವುದು ಪಾಪವಲ್ಲ. ಗಂಭೀರ ಕಾರಣ ಇದ್ದವರಿಗೆ ಕಥೋಲಿಕ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ. ಕಾಯಿಲೆಯವರ, ವಯಸ್ಸಾದವರ ಸೇವೆಗೆ ಭಾನುವಾರವನ್ನು ಮೀಸಲಿಡುವುದು ಹಿಂದಿನಿಂದ ಬಂದ ಭಕ್ತಿ ಎಂದೂ ಅದರ ಧರ್ಮೋಪದೇಶ ಹೇಳುತ್ತದೆ. ಪ್ರತಿ ಪಾಪನಿವೇದನೆಯಲ್ಲೂ ಇದನ್ನು ಹೊತ್ತುಕೊಂಡು ಹೋಗಬೇಡಿ.

ಇನ್ನು ನಿದ್ದೆ. ಲಿಸಿಯೂವಿನ ಸಂತ ತೆರೇಜಾ 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡವರು. ನೂರು ವರ್ಷದ ಮೇಲೆ, 1997ರಲ್ಲಿ, ಸಭೆ ಅವರನ್ನು ತನ್ನ ಗುರುಗಳ ಸಾಲಿಗೆ ಸೇರಿಸಿತು. ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಕುಳಿತಾಗ ತಾನು ನಿದ್ದೆ ಹೋಗುತ್ತಿದ್ದೆ ಎಂದು ಅವರೇ ಬರೆದುಕೊಂಡಿದ್ದಾರೆ. ಅದಕ್ಕೆ ಕೊರಗಲಿಲ್ಲ. ಮಕ್ಕಳು ಎಚ್ಚರ ಇದ್ದಾಗ ಎಷ್ಟು ಮುದ್ದೋ, ಮಲಗಿದಾಗಲೂ ಅಪ್ಪ ಅಮ್ಮನಿಗೆ ಅಷ್ಟೇ ಮುದ್ದು ಎಂದುಕೊಂಡರು. ದಣಿವು ತಾಳಲಾರದೆ ಸಾಯಲು ಹೊರಟ ಪ್ರವಾದಿ ಎಲೀಯನಿಗೂ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಲು ಬಿಟ್ಟ.

ಹಾಗಾಗಿ ರಾತ್ರಿಯ ತೇರ್ಸ್ ಸದ್ಯಕ್ಕೆ ಬಿಡಿ. ಹೌದು, ಬಿಡಿ ಅಂತಲೇ ಹೇಳುತ್ತಿದ್ದೇನೆ. ಅದು ಭಕ್ತಿಯಿಂದ ಮಾಡುವ ಜಪ, ದಿನಾ ಐದೂ ರಹಸ್ಯ (ಯೇಸು, ಮರಿಯಮ್ಮರ ಬದುಕಿನ ಒಂದೊಂದು ಘಟನೆ, ಒಂದೊಂದಕ್ಕೆ ಹತ್ತು ಮಣಿ) ಮುಗಿಸಲೇಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ಬದಲಿಗೆ ಬೆಳಿಗ್ಗೆ ಅತ್ತೆಗೆ ಮೈ ಒರೆಸಿ, ಗಂಜಿ ಕುಡಿಸಿದ ಮೇಲೆ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಮೊಣಕಾಲೂರುವುದು ಬೇಡ. ಹತ್ತು ಮಣಿ ಸಾಕು. ಸಂತೋಷದ ರಹಸ್ಯಗಳಲ್ಲಿ ಎರಡನೆಯದು ನಿಮಗೆ ಹತ್ತಿರದ್ದು ಅನಿಸುತ್ತದೆ ನನಗೆ. ತುಂಬಿದ ಬಸುರಿ ಎಲಿಜಬೆತ್‌ಳ ಮನೆಗೆ ಮರಿಯಮ್ಮ ಹೋದರು, ಸುಮಾರು ಮೂರು ತಿಂಗಳು ಅಲ್ಲೇ ಇದ್ದರು. ಆ ಮೂರು ತಿಂಗಳಲ್ಲಿ ನೀರು ತಂದಿರಬೇಕು, ಅಡುಗೆ ಮಾಡಿರಬೇಕು, ಅಲ್ವಾ?

ಜಪಸರವನ್ನು ಅತ್ತೆಯ ಎಡಗೈಗೆ ಕೊಟ್ಟು ನೋಡಿ. ನಿಮ್ಮ ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ 'ನಮಾನ್ ಮರಿಯೆ' (ನಮೋ ಮರಿಯಾ ಜಪ) ಶುರು ಮಾಡಿ. ಅರ್ಧದಲ್ಲಿ ನಿಲ್ಲಿಸಿ, ಸುಮ್ನೆ ಕಾಯಿರಿ. ಸ್ಟ್ರೋಕ್ ಆಗಿ ಮಾತು ನಿಂತವರಲ್ಲಿ ಕೆಲವರಿಗೆ, ನೀರು ಬೇಕು ಅನ್ನಲೂ ಬಾರದವರಿಗೆ, ಬಾಯಿಪಾಠವಾದ ಹಳೆಯ ಪ್ರಾರ್ಥನೆ, ಹಾಡು, ಎಣಿಕೆ ತಾನಾಗಿ ಬರುವುದುಂಟು. ಹೊಸದಾಗಿ ಮಾತು ಜೋಡಿಸುವುದು ಬೇರೆ, ನಾಲಿಗೆಗೆ ಹತ್ತಿದ್ದು ಬೇರೆ. ಅತ್ತೆಗೂ ಹಾಗೆ ಬಂದೇ ಬರುತ್ತದೆ ಎನ್ನಲಾರೆ. ತುಟಿ ಅಲ್ಲಾಡಿದರೂ ಅದನ್ನು ಪ್ರಾರ್ಥನೆ ಎಂದೇ ಎಣಿಸಿ. ಆಗ ಜಪ ನೀವೊಬ್ಬರೇ ಮುಗಿಸಬೇಕಾದ ಕೆಲಸ ಆಗಿರುವುದಿಲ್ಲ. ಅತ್ತೆಯೂ ಅಷ್ಟು ಹೊತ್ತು ಬರೀ ರೋಗಿ ಆಗಿರುವುದಿಲ್ಲ.

ನಡುವೆ ಬಟ್ಟೆ ಒದ್ದೆಯಾಯಿತು ಅಂತ ಏಳಬೇಕಾಗುತ್ತದೆ. ಎದ್ದುಹೋಗಿ. ಸಂತ ವಿನ್ಸೆಂಟ್ ಡಿ ಪೌಲ್ 1633ರಲ್ಲಿ ಬಡ ರೋಗಿಗಳ ಸೇವೆಗೆಂದು ಭಗಿನಿಯರ ಸಭೆಯನ್ನು ಸಂತ ಲೂಯಿಸ್ ಡಿ ಮರಿಯಾಕ್ ಜೊತೆ ಸೇರಿ ಕಟ್ಟಿದವರು. ಪ್ರಾರ್ಥನೆಯ ಹೊತ್ತಿಗೆ ರೋಗಿಗೆ ಔಷಧಿ ಒಯ್ಯಬೇಕಾಗಿ ಬಂದರೆ ಸಮಾಧಾನವಾಗಿ ಹೋಗಿ, ದೇವರನ್ನು ಬಿಟ್ಟು ದೇವರ ಹತ್ತಿರವೇ ಹೋಗುತ್ತಿದ್ದೀರಿ ಎಂದು ಅವರು ಆ ಭಗಿನಿಯರಿಗೆ ಹೇಳುತ್ತಿದ್ದರು.

ಸಿಟ್ಟು ಬಂದರೆ ಅದನ್ನೂ ದೇವರಿಗೇ ಹೇಳಿ. ಬೈಬಲಿನ 88ನೇ ಕೀರ್ತನೆ ಓದಿ. ಶುರುವಿನಿಂದ ಕೊನೆವರೆಗೆ ಗೋಳೇ, ಮುಗಿಯುವುದೂ ಕತ್ತಲಲ್ಲೇ. ಆದರೂ ಧರ್ಮಸಭೆ ಪ್ರತಿ ಶುಕ್ರವಾರದ ರಾತ್ರಿ ಪ್ರಾರ್ಥನೆಯಲ್ಲಿ ಅದನ್ನು ಇಟ್ಟುಕೊಂಡಿದೆ. ರಾತ್ರಿ ಕೊನೆಯ ಸಲ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಟ್ಟ ಮೇಲೆ 'ತಂದೆಯೇ, ನಿಮ್ಮ ಕೈಗೆ ಒಪ್ಪಿಸಿದ್ದೇನೆ' ಅಂದು ಮಲಗಿಬಿಡಿ. ಶಿಲುಬೆಯ ಮೇಲೆ ಯೇಸು ಮಾಡಿದ ಕೊನೆಯ ಪ್ರಾರ್ಥನೆಯೂ ಇಷ್ಟೇ ಉದ್ದ ಇತ್ತು.

ಈಗ ನಿಮ್ಮ ನಾದಿನಿಯ ಮಾತಿಗೆ ಬರುತ್ತೇನೆ, ಇದು ನನಗೆ ಬೇಸರ ತಂದ ವಿಷಯ. ದೇವರು ಶಕ್ತಿ ಕೊಡುತ್ತಾರೆ, ನಿಜ. ಆದರೆ ಅತ್ತೆ ಅವಳಿಗೆ ಹೆತ್ತ ತಾಯಿ. ಮಂಗಳೂರಿಂದ ಕಾಸರಗೋಡಿಗೆ ಬಸ್ಸೂ ಇದೆ, ರೈಲೂ ಇದೆ. "ಪ್ರಾರ್ಥನೆ ಮಾಡ್ತೇನೆ, ತಿಂಗಳಿಗೆ ಎರಡು ಶನಿವಾರ ರಾತ್ರಿ ನೀವು ಬಂದು ಅಮ್ಮನ ಹತ್ರ ಮಲಗಿ" ಎಂದು ನೇರವಾಗಿ ಕೇಳಿ. ಗಂಡನಿಂದಲೂ ಹೇಳಿಸಿ. ಮಗನಿಗೆ ಪರೀಕ್ಷೆ ಇದ್ದರೂ ಅಜ್ಜಿಗೆ ಸಂಜೆ ಗಂಜಿ ಕುಡಿಸಲು ಅರ್ಧ ಗಂಟೆ ಸಿಗುತ್ತದೆ.

ಹಾಸಿಗೆ ಹಿಡಿದ ರೋಗಿಗಳ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಬರುತ್ತಿಲ್ಲವಾದರೆ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆ ಇದೆ, ತಿಂಗಳ ಸಹಾಯಧನದ್ದು. ದೊಡ್ಡ ಮೊತ್ತವೇನಲ್ಲ, ಆದರೂ ಅಂಗನವಾಡಿ ಟೀಚರ್ ಹತ್ರ ವಿಚಾರಿಸಿ.

ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರಿಗೆ ಈ ವಾರವೇ ಫೋನ್ ಮಾಡಿ. ಎರಡು ವಿಷಯ ಕೇಳಿ. ಒಂದು, ಅತ್ತೆಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮನೆಗೆ ತರುವಂತೆ ಫಾದರ್‌ಗೆ ಹೇಳಲಿ. ಆಗ ನಿಮಗೂ ಅಲ್ಲೇ ಕೊಡಬಹುದು, ಮೊದಲೇ ತಿಳಿಸಿದರೆ ಸಾಕು. ಇನ್ನೊಂದು, ಭಾನುವಾರ ಪೂಜೆಯ ಹೊತ್ತಿಗೆ ಅತ್ತೆಯ ಹತ್ತಿರ ಕೂರಲು ವಾಳೆಯ ಹೆಂಗಸರು ಸರದಿ ಮಾಡಿಕೊಳ್ಳಲಿ. ಯಾರು ಬಂದರೂ ನೀರು ಕುಡಿಸುವಾಗ ಬೆನ್ನಿಗೆ ಒರಗು ಕೊಟ್ಟು ನೇರ ಕೂರಿಸಲು, ತಲೆ ಹಿಂದಕ್ಕೆ ವಾಲದಂತೆ ನೋಡಿಕೊಳ್ಳಲು ಹೇಳಿಕೊಟ್ಟು, ನೀವು ಹೊರಡಿ.