ಸೂರ್ಯ ಸುಮ್ಮನಾದರೂ ಬಿರುಗಾಳಿ ಯಾಕೆ ನಿಲ್ಲದು?

ಪ್ರಶ್ನೆ: 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಕಂಡಿತಂತೆ. ಬೆಳಕು ಒಂದೇ ರಾತ್ರಿಗೆ ಮುಗಿದರೂ ಆ ಭೂಕಾಂತೀಯ ಬಿರುಗಾಳಿ ಶಮನವಾಗಲು ದಿನಗಳೇ ಹಿಡಿದವು ಎಂದು ಓದಿದೆ. ಯಾಕೆ ಹಾಗೆ?
— ಓದುಗರೊಬ್ಬರು, ಶಿರಸಿ

ಉತ್ತರ: ಹಾನ್ಲೆಯ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದ್ದೇ. ಹಾಗಾಗಿ ಆ ಚಿತ್ರಗಳನ್ನು ಕಂಡು ನನಗೂ ಬಹಳ ಖುಷಿಯಾಗಿತ್ತು. ಆದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಸೂರ್ಯ ಎಬ್ಬಿಸುವ ಈ ಬಿರುಗಾಳಿಯ ನಿಜವಾದ ಕಥೆ ಸಿಗುವುದು, ಆ ಕಾಂತಕ್ಷೇತ್ರ ನೆಲದ ಮೇಲೆ ಎಷ್ಟು ತಗ್ಗಿದೆ ಎಂದು ತೋರಿಸಲು ಜಪಾನಿನ ಕ್ಯೋಟೊ ಕೇಂದ್ರ ಪ್ರಕಟಿಸುವ ಡಿಎಸ್‌ಟಿ ಗ್ರಾಫ್‌ನಲ್ಲಿ. ಮೇ 11ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ, ಆ ಗೆರೆ ಮೈನಸ್ 400 ನ್ಯಾನೊಟೆಸ್ಲಾಗಿಂತ (ಇದು ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕೆಳಗಿಳಿದಿತ್ತು. 2003ರ ನವೆಂಬರ್ ನಂತರ ಅದು ಅಷ್ಟು ಇಳಿದದ್ದೇ ಇಲ್ಲ. ಆಮೇಲೆ ಮೊದಮೊದಲು ಬೇಗ ಏರಿತು, ಬರಬರುತ್ತಾ ನಿಧಾನವಾಯಿತು.

ಸೂರ್ಯನಿಂದ ಬೀಸಿಬರುವ ಕಣಗಳ ಹರಿವಾದ ಸೌರಮಾರುತದ ಕಾಂತಕ್ಷೇತ್ರ ದಕ್ಷಿಣದಿಂದ ಉತ್ತರಕ್ಕೆ ತಿರುಗಿದರೆ ಹೊಸ ಶಕ್ತಿ ಒಳಬರುವುದು ನಿಲ್ಲುತ್ತದೆ. ಆದರೆ ಆಗಲೇ ಭೂಮಿಯ ಕಾಂತಕ್ಷೇತ್ರದೊಳಗೆ ಸಿಕ್ಕಿಬಿದ್ದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುತ್ತವೆ. ಈ ವರ್ತುಲ ವಿದ್ಯುತ್‌ಪ್ರವಾಹವೇ ನೆಲದ ಮೇಲಿನ ಕಾಂತಕ್ಷೇತ್ರವನ್ನು ತಗ್ಗಿಸುವುದು. ಅಯಾನುಗಳು ಹೋಗದೆ ಗೆರೆ ಮೇಲೇರದು.

ಒಂದಿಷ್ಟು ಅಯಾನುಗಳು ಭೂಮಿಯ ಕಾಂತಕ್ಷೇತ್ರದ ಹಗಲಿನ ಕಡೆಯ ಗಡಿ ದಾಟಿ ಬೇಗನೆ ಹೊರಟುಹೋಗುತ್ತವೆ. ಉಳಿದವನ್ನು ತೆಗೆಯುವ ಮುಖ್ಯ ಕೆಲಸ ಭೂಮಿಯ ಸುತ್ತ ತೆಳುವಾಗಿ ಹರಡಿರುವ ತಣ್ಣನೆಯ ಹೈಡ್ರೋಜನ್‌ನದು. ವೇಗದ ಅಯಾನು ಹೈಡ್ರೋಜನ್ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ವಿದ್ಯುದಂಶ ಹೋದ ಮೇಲೆ ಕಾಂತಕ್ಷೇತ್ರದ ಹಿಡಿತವೂ ಇಲ್ಲ. ಅದು ನೇರವಾಗಿ ಹಾರಿಹೋಗುತ್ತದೆ. ಹೀಗೆ ಹಾರಿಬಂದ ಪರಮಾಣುಗಳಿಂದಲೇ 2000ದಲ್ಲಿ ಉಡಾವಣೆಯಾದ ನಾಸಾದ ಇಮೇಜ್ ಉಪಗ್ರಹ ಇಡೀ ವರ್ತುಲದ ಚಿತ್ರ ತೆಗೆಯಿತು. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಅದು. ಹೈಡ್ರೋಜನ್ ವಿರಳವಾದ್ದರಿಂದ ಡಿಕ್ಕಿಗಳೂ ವಿರಳ; ತಡಕ್ಕೆ ಅದೇ ಕಾರಣ.

ಉಪಬಿರುಗಾಳಿಗಳ, ಅಂದರೆ ಇಂಥವೇ ಆದರೆ ಚಿಕ್ಕ ಕಾಂತೀಯ ಅಲುಗಾಟಗಳ, ಲೆಕ್ಕ ಬೇರೆ. ರಾತ್ರಿಯ ಕಡೆ ಬಾಲದಂತೆ ಎಳೆದುಕೊಂಡ ಕಾಂತರೇಖೆಗಳು ಮತ್ತೆ ಹಳೆಯ ಆಕಾರಕ್ಕೆ ಬರುತ್ತವೆ, ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಗೆರೆ ಮೇಲೇರಿದ ಕೂಡಲೇ ಅಪಾಯ ಕಳೆಯಿತು ಎಂದುಕೊಳ್ಳಬಾರದು. ಎಷ್ಟೋ ಸಲ ಈ ಶಮನದ ದಿನಗಳಲ್ಲೇ ಭೂಮಿಯ ಸುತ್ತ ವೇಗದ ಕಣಗಳು ತುಂಬಿರುವ ವಿಕಿರಣ ಪಟ್ಟಿಗಳಲ್ಲಿ ಅತಿವೇಗದ ಎಲೆಕ್ಟ್ರಾನ್‌ಗಳು ಹೆಚ್ಚುತ್ತವೆ, ಉಪಗ್ರಹದ ಒಳಭಾಗಕ್ಕೂ ನುಗ್ಗಿ ಸರ್ಕ್ಯೂಟ್ ಕೆಡಿಸಬಲ್ಲವು. 36,000 ಕಿಲೋಮೀಟರ್ ಎತ್ತರದ ನಮ್ಮ ಇನ್ಸಾಟ್, ಜಿಸ್ಯಾಟ್‌ಗಳನ್ನು ಹಾಸನದಲ್ಲಿ ಕುಳಿತು ನೋಡಿಕೊಳ್ಳುವ ಇಸ್ರೋ ಸಿಬ್ಬಂದಿಗೆ ಆಕಾಶದ ಕೆಂಪು ಮಾಸಿದ ಮೇಲೂ ಕಾವಲು ತಪ್ಪದು.