ಫಲಿತಾಂಶ ಕಡಿಮೆ ಬಂದ ಶಾಲೆಗಳ ಮೇಲೆ ಕ್ರಮ ಕೈಗೊಂಡರೆ ಮಕ್ಕಳ ಕಲಿಕೆ ಸುಧಾರಿಸುತ್ತದೆಯೇ?

ಎಸ್‌ಎಸ್‌ಎಲ್‌ಸಿಯಲ್ಲಿ ಕಡಿಮೆ ಫಲಿತಾಂಶ ಪಡೆದ ಶಾಲೆಯ ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುವುದು, ವೇತನ ಬಡ್ತಿ ತಡೆಹಿಡಿಯುವುದು, ಅನುದಾನ ನಿಲ್ಲಿಸುವುದು ಇವೆಲ್ಲ ನಿಜವಾಗಿ ಪ್ರಯೋಜನಕ್ಕೆ ಬರುತ್ತವೆಯೇ ಎಂದು ಕೇಳಿದ್ದೀರಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಪಾಠ ಮಾಡಿದವನು ನಾನು. ಮಕ್ಕಳು ಕಲಿತರೇ ಇಲ್ಲವೇ ಎಂಬುದಕ್ಕೆ ಶಾಲೆ ಉತ್ತರ ಹೇಳಲೇಬೇಕು ಎಂಬ ವಿಚಾರದಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಹತ್ತನೇ ತರಗತಿಯಲ್ಲಿ ಶೇಕಡಾ ಎಷ್ಟು ಮಂದಿ ಪಾಸಾದರು ಎಂಬ ಒಂದೇ ಅಂಕಿಯನ್ನು ಹಿಡಿದು ದಂಡನೆ ನಿರ್ಧರಿಸಿದರೆ, ಶಾಲೆಗಳು ಆ ಅಂಕಿಯನ್ನು ಏರಿಸುವ ದಾರಿ ಹುಡುಕುತ್ತವೆ, ಮತ್ತು ಆ ದಾರಿಗಳಲ್ಲಿ ಹೆಚ್ಚಿನವು ಕಲಿಕೆಯ ಕಡೆಗೆ ಹೋಗುವುದಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ನೇರ ಪ್ರಸಾರದ) ಕ್ಯಾಮೆರಾ ಬಂತು. ಆ ವರ್ಷದ ಮೂರು ಪರೀಕ್ಷೆಗಳಲ್ಲಿ ಮೊದಲನೆಯದಾದ ಪರೀಕ್ಷೆ-1ರ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ಸಿಕ್ಕ ಅಂಕಿ. ಹಿಂದಿನ ವರ್ಷ ಶೇ 96.80ರೊಂದಿಗೆ ರಾಜ್ಯಕ್ಕೇ ಮೊದಲಿದ್ದ ಚಿತ್ರದುರ್ಗ ಜಿಲ್ಲೆ ಶೇ 72.85ಕ್ಕೆ ಬಂದು ನಿಂತಿತು, ಯಾದಗಿರಿಯಂತೂ ಶೇ 75.49ರಿಂದ 50.59ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗಲಿಲ್ಲ, ಶಿಕ್ಷಕರೂ ಅಷ್ಟು ಸೋಮಾರಿಗಳಾಗಲಿಲ್ಲ. ಹಾಗಾದರೆ ಅದಕ್ಕೂ ಮೊದಲು ಆ ಅಂಕಿಯನ್ನೇ ನಂಬಿ ಕೊಟ್ಟ ಸನ್ಮಾನಗಳಿಗೂ ನೋಟಿಸ್‌ಗಳಿಗೂ ಏನು ಆಧಾರವಿತ್ತು ಎಂಬ ಪ್ರಶ್ನೆಯನ್ನು ಇಲಾಖೆ ತನಗೆ ತಾನೇ ಕೇಳಿಕೊಳ್ಳಬೇಕಿತ್ತು.

ನಕಲನ್ನು ಬದಿಗಿಟ್ಟು, ಸಂಪೂರ್ಣ ಪ್ರಾಮಾಣಿಕವಾಗಿ ನಡೆಯುವ ಶಾಲೆಯಲ್ಲಿ ಈ ಒತ್ತಡ ಏನು ಮಾಡುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಹೊರಗಿನವರಿಗೆ ಕಾಣದಿರುವುದು ಇದೇ. ಡಿಸೆಂಬರ್ ಮುಗಿಯುತ್ತಿದ್ದಂತೆ ಹಿಂದುಳಿದ ಮಕ್ಕಳ ಪಟ್ಟಿ ಸಿದ್ಧವಾಗುತ್ತದೆ, ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಮಕ್ಕಳನ್ನು ‘ದತ್ತು’ ಕೊಡಲಾಗುತ್ತದೆ, ಮತ್ತು ಎಲ್ಲರ ಕೈಗೂ ‘ಪಾಸಿಂಗ್ ಪ್ಯಾಕೇಜ್’ ಬರುತ್ತದೆ. ಗಣಿತದಲ್ಲಿ ಅದರ ಅರ್ಥ ಇಷ್ಟೇ: ವೃತ್ತಕ್ಕೆ ಸ್ಪರ್ಶಕ ಎಳೆಯುವ ರಚನೆ, ಜೋಡಿ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯದ ಸಾಧನೆ, ಒಂದೆರಡು ಸೂತ್ರ. ಬಾಯಿಪಾಠ ಮಾಡಿಸಿ, ಬರೆಯಿಸಿ, ಮತ್ತೆ ಬರೆಯಿಸಿ. ಸ್ಪರ್ಶಕವನ್ನು ಕಣ್ಣು ಮುಚ್ಚಿಕೊಂಡು ಎಳೆಯಬಲ್ಲ ಹುಡುಗನೊಬ್ಬನಿಗೆ 7.2ನ್ನು 3ರಿಂದ ಭಾಗಿಸಲು ಹೇಳಿದಾಗ ದಶಮಾಂಶ ಬಿಂದುವನ್ನು ಎಲ್ಲಿಡಬೇಕೆಂದು ಅವನು ನನ್ನ ಮುಖ ನೋಡಿದ್ದ. ಅವನು ಪಾಸಾದ. ಶಾಲೆಯ ಫಲಿತಾಂಶದಲ್ಲಿ ಅವನದೂ ಒಂದು ಪಾಲಿತ್ತು. ಕೆಳಗಿನ ತರಗತಿಗಳಲ್ಲೇ ಕಲಿಯಬೇಕಿದ್ದ ಭಾಗಾಕಾರವನ್ನು ಜನವರಿಯಲ್ಲಿ ಕಲಿಸಲು ನನಗೂ ಸಮಯವಿರಲಿಲ್ಲ, ಕಲಿಸಿದ್ದರೂ ಅದಕ್ಕೆ ಅಂಕವಿರಲಿಲ್ಲ.

ಖಾಸಗಿಯವರ ದಾರಿ ಬೇರೆ. ನೂರಕ್ಕೆ ನೂರು ಎಂಬ ಫ್ಲೆಕ್ಸ್ ಕಟ್ಟಬೇಕಾದ ಕೆಲವು ಶಾಲೆಗಳು ಒಂಬತ್ತನೇ ತರಗತಿಯಲ್ಲೇ ದುರ್ಬಲ ಮಕ್ಕಳ ಪೋಷಕರನ್ನು ಕರೆದು ಟಿ.ಸಿ. ಕೈಗಿಡುತ್ತವೆ. ಆ ಮಗು ಹತ್ತಿರದ ಸರ್ಕಾರಿ ಶಾಲೆಗೆ ಬಂದು ಸೇರುತ್ತದೆ, ಮರುವರ್ಷ ನೋಟಿಸ್ ಬರುವುದು ಸರ್ಕಾರಿ ಶಾಲೆಗೆ.

ಇದು ನಮ್ಮಲ್ಲಷ್ಟೇ ಕಂಡ ರೋಗವಲ್ಲ. ಅಮೆರಿಕದಲ್ಲಿ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಗೆ 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದರು. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ, 2014ರೊಳಗೆ ಪ್ರತಿಯೊಂದು ಮಗುವೂ ನಿಗದಿತ ಮಟ್ಟ ಮುಟ್ಟಬೇಕು, ಗುರಿ ತಪ್ಪಿದ ಶಾಲೆಗೆ ವರ್ಷದಿಂದ ವರ್ಷಕ್ಕೆ ಕಠಿಣವಾಗುವ ಕ್ರಮ. ಆ ಕಾಯ್ದೆಯ ಒಂದು ಒಳ್ಳೆಯ ಗುಣವನ್ನು ನಾನು ಮೆಚ್ಚುತ್ತೇನೆ: ಬಡ ಮಕ್ಕಳು, ಕಪ್ಪು ಜನಾಂಗದ ಮಕ್ಕಳು, ಅಂಗವಿಕಲ ಮಕ್ಕಳು ಇವರ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಲೇಬೇಕೆಂದು ವಿಧಿಸಿ, ಸರಾಸರಿಯ ಮರೆಯಲ್ಲಿ ಅವರು ಅಡಗಿಹೋಗದಂತೆ ಅದು ಮಾಡಿತು. ಆದರೆ ಮಟ್ಟ ಯಾವುದೆಂದು ನಿರ್ಧರಿಸುವ ಅಧಿಕಾರ ರಾಜ್ಯಗಳ ಕೈಯಲ್ಲೇ ಇದ್ದುದರಿಂದ ಕೆಲವು ರಾಜ್ಯಗಳು ಮಟ್ಟವನ್ನೇ ಇಳಿಸಿಕೊಂಡವು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರಪತ್ರಿಕೆಯ ತಪ್ಪು ಉತ್ತರಗಳನ್ನು ಅಳಿಸಿ ತಿದ್ದಿದ್ದನ್ನು 2011ರ ತನಿಖಾ ವರದಿ ಬಯಲು ಮಾಡಿತು. 44 ಶಾಲೆಗಳ 178 ಶಿಕ್ಷಕರು ಮತ್ತು ಪ್ರಾಂಶುಪಾಲರ ಹೆಸರು ಅದರಲ್ಲಿತ್ತು, 2015ರಲ್ಲಿ 11 ಮಂದಿಗೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ಅದೇ ವರ್ಷದ ಕೊನೆಗೆ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದು ಬಂತು. ಪರೀಕ್ಷೆಗಳು ಉಳಿದವು, ಹಿಂದುಳಿದ ಶಾಲೆಯ ಬಗ್ಗೆ ಏನು ಮಾಡಬೇಕೆಂಬ ತೀರ್ಮಾನ ಬಹುಮಟ್ಟಿಗೆ ರಾಜ್ಯಗಳಿಗೆ ಹೋಯಿತು.

ಹಾಗಾದರೆ ಅಳತೆಯೇ ಬೇಡವೇ? ಬೇಕು. ಅಳತೆಯಿಲ್ಲದ ಕಾಲವನ್ನೂ ನಾನು ಕಂಡಿದ್ದೇನೆ. ಆಗ ಪಾಠ ಮಾಡುವವರಿಗೂ ಮಾಡದವರಿಗೂ ವ್ಯತ್ಯಾಸವೇ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಠಡಿ, ಶೌಚಾಲಯ, ಒಂದರಿಂದ ಐದನೇ ತರಗತಿಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಎಂದು ಲೆಕ್ಕ ಹಾಕಿ ಹೇಳುತ್ತದೆ, ಆದರೆ ಆ ದಿನಗಳ ಕೊನೆಗೆ ಮಗುವಿಗೆ ಏನು ಬರಬೇಕೆಂಬುದಕ್ಕೆ ಅಷ್ಟು ಖಚಿತವಾದ ಲೆಕ್ಕ ಅದರಲ್ಲಿಲ್ಲ. ಗುಜರಾತ್ ತನ್ನ 2012ರ ನಿಯಮಗಳಲ್ಲಿ ಖಾಸಗಿ ಶಾಲೆಗಳ ಮಾನ್ಯತೆಗೆ ಬೇರೆ ಲೆಕ್ಕ ಇಟ್ಟಿತು: ಮಕ್ಕಳ ಕಲಿಕೆಯ ಮಟ್ಟಕ್ಕೆ ಶೇ 30, ಹಿಂದಿನದಕ್ಕಿಂತ ಆದ ಸುಧಾರಣೆಗೆ ಶೇ 40, ಕಟ್ಟಡ ಮೊದಲಾದ ಸೌಲಭ್ಯಗಳಿಗೆ ಶೇ 15, ಉಳಿದ ಶೇ 15 ಪಠ್ಯೇತರ ಸಾಧನೆ ಮತ್ತು ಪೋಷಕರ ಅಭಿಪ್ರಾಯಕ್ಕೆ. ಸುಧಾರಣೆಗೆ ಮಟ್ಟಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ನನಗೆ ಸರಿಯೆನಿಸುತ್ತದೆ. ಓದಲು ಬಾರದೆ ಎಂಟನೇ ತರಗತಿಗೆ ಬಂದ ಮಗುವನ್ನು ಹತ್ತನೆಯದರ ಹೊತ್ತಿಗೆ ಸರಾಗವಾಗಿ ಓದುವಂತೆ ಮಾಡಿದ ಶಾಲೆ, ಆಯ್ದು ಸೇರಿಸಿಕೊಂಡ ಮಕ್ಕಳಿಂದ ಶೇ 95 ತೆಗೆಸಿದ ಶಾಲೆಗಿಂತ ದೊಡ್ಡ ಕೆಲಸ ಮಾಡಿದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಎಂಟನೇ ತರಗತಿಗೆ ಸೇರಿದ ಮೊದಲ ತಿಂಗಳಲ್ಲೇ ಪ್ರತಿ ಮಗುವಿನ ಓದು ಮತ್ತು ಲೆಕ್ಕದ ಮಟ್ಟವನ್ನು ಬೇರೆ ಶಾಲೆಯ ಶಿಕ್ಷಕರಿಂದ ಅಳೆಯಿಸಿ ದಾಖಲಿಸಬೇಕು, ಮೂರು ವರ್ಷಗಳ ನಂತರ ಆ ದಾಖಲೆಯ ಎದುರಿಗಿಟ್ಟು ಶಾಲೆಯನ್ನು ಪ್ರಶ್ನಿಸಬೇಕು. ಒಂಬತ್ತರಲ್ಲಿ ಟಿ.ಸಿ. ಕೊಟ್ಟ ಮಗುವಿನ ಫಲಿತಾಂಶ ಕೊಟ್ಟ ಶಾಲೆಯ ಲೆಕ್ಕಕ್ಕೇ ಸೇರಬೇಕು. ಜೊತೆಗೆ, ನೋಟಿಸ್ ಕೊಡುವವರೂ ಉತ್ತರ ಕೊಡಬೇಕು: ಗಣಿತದ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು, ಅತಿಥಿ ಶಿಕ್ಷಕರು ಯಾವ ತಾರೀಕಿಗೆ ಬಂದರು, ಶಿಕ್ಷಕರು ಎಷ್ಟು ದಿನ ಬೇರೆ ಕೆಲಸಕ್ಕೆ ಹೋದರು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದು ನಿಮಗೆ ನೆನಪಿರಬಹುದು. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ, ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಸಾದವರ ಸಂಖ್ಯೆಯ ಜೊತೆಗೆ ಈ ಮೂರು ಲೆಕ್ಕಗಳನ್ನೂ ಕೇಳಿ ನಡಾವಳಿಯಲ್ಲಿ ಬರೆಯಿಸಿ. ನಡಾವಳಿಯಲ್ಲಿ ಬಂದದ್ದನ್ನು ಮೇಲಿನವರಿಗೆ ಕಳುಹಿಸದಿರಲು ಮುಖ್ಯ ಶಿಕ್ಷಕರಿಗೆ ಕಾರಣವಿರುವುದಿಲ್ಲ.